ಹೆಡ್‌ಲೈಟಿನೊಳಗೆ ನೀರು

ಸಿದ್ದಾಪುರ
ಸೋಮವಾರ, 14-7-2025

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಕೈ ನಡುಗುವುದು ಕಡಿಮೆಯಾಗಿದೆಯೇ? ಹೋದ ಸಲ ನಾನು ಬಂದಾಗ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಿರಿ, ಅದೇ ಕಣ್ಣ ಮುಂದೆ ಬರುತ್ತದೆ. ರಾತ್ರಿ ನಿದ್ದೆ ಹತ್ತುತ್ತದೆಯೇ, ಊಟ ಸೇರುತ್ತದೆಯೇ, ಮಾತ್ರೆಯನ್ನು ನುಂಗುತ್ತೀರೋ ಇಲ್ಲಾ ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗಿಯುತ್ತೀರೋ, ಎಲ್ಲ ಬರೆಯಿರಿ. ಆ ಕೇಂದ್ರದಲ್ಲಿ ಫೋನು ಕೊಡುವುದಿಲ್ಲ ಎಂದಾಗ ನನಗೆ ಅಳು ಬಂದಿತ್ತು. ಈಗ ಅದೇ ಒಳ್ಳೆಯದು ಅನ್ನಿಸುತ್ತದೆ. ಫೋನಿನಲ್ಲಾದರೆ ನೀವು ಹೂಂ ಹೂಂ ಎಂದು ನಡುವೆಯೇ ಇಟ್ಟುಬಿಡುತ್ತಿದ್ದಿರಿ, ಕಾಗದವನ್ನು ಕೊನೆಯವರೆಗೆ ಓದಲೇಬೇಕು. ಅಲ್ಲಿಯವರು ಮೊದಲು ತಾವು ಓದಿ ಆಮೇಲೆ ಕೊಡುತ್ತಾರಂತೆ. ಓದಿಕೊಳ್ಳಲಿ, ಕುಡಿತ ಬಿಡಿಸುವವರ ಹತ್ತಿರ ಮುಚ್ಚಿಡುವುದು ಏನಿದೆ.

ನಾವು ಕ್ಷೇಮ. ಅತ್ತೆಗೆ ಮಂಡಿನೋವು ಇದ್ದೇ ಇದೆ, ಆದರೂ ಒಲೆ ಮುಂದೆ ಕೂತು ನನ್ನ ಅಡಿಗೆಗೆ ಹೆಸರಿಡುವಷ್ಟು ಗಟ್ಟಿಯಾಗಿದ್ದಾರೆ. ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ಹೊಳೆ ಬದಿಯವರು ಸಾಮಾನು ಕಟ್ಟಿಟ್ಟುಕೊಂಡು ಕೂತಿದ್ದಾರೆ. ಹೊಲಿದ ಬಟ್ಟೆಯನ್ನು ಒಲೆ ಮೇಲೆ ಒಣಗಿಸಿ ಕೊಟ್ಟರೆ ಗಿರಾಕಿಗಳು ಹೊಗೆ ವಾಸನೆ ಎಂದು ಮೂಗು ಮುರಿಯುತ್ತಾರೆ, ಒಣಗಿಸದೆ ಕೊಟ್ಟರೆ ಬೂಸ್ಟು ಎನ್ನುತ್ತಾರೆ. ಹೇಗೋ ಅಂಗಡಿ ನಡೆಯುತ್ತಿದೆ.

ಈಗ ಕಾರಿನ ವಿಷಯ. ಬುಧವಾರ ನಿಮ್ಮ ಕಾಗದ ಬಂತು. "ಲೋಕೇಶ್ ತೋರಿಸುವ ಬಿಳಿ ಗಾಡಿ ನಾನು ನೋಡಿದ್ದೇನೆ, ಚೆನ್ನಾಗಿದೆ, ಕಣ್ಣು ಮುಚ್ಚಿಕೊಂಡು ತಗೋ" ಎಂದು ಬರೆದಿದ್ದಿರಿ. ಕಣ್ಣು ಮುಚ್ಚಿಕೊಂಡು ನಾನು ನೀರೂ ಕುಡಿಯುವುದಿಲ್ಲ ಎಂದು ನಿಮಗೆ ಗೊತ್ತಿದೆ. ಸಂಶಯದ ಪಿಶಾಚಿ ಎಂದು ಹೆಸರಿಟ್ಟವರೇ ನೀವಲ್ಲವೇ? ಆದರೂ ಈ ಕಾರಿನ ಮೇಲೆ ನನಗೂ ಆಸೆ ಇತ್ತು. ನೀವು ಬಂದ ಮರುದಿನದಿಂದಲೇ ಕೈಗೆ ಕೆಲಸ ಬೇಕು. ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಗಾಡಿ ಇದ್ದರೆ ಬೆಳಿಗ್ಗೆ ಇಲ್ಲಿಂದ ಕೆಲಸದವರನ್ನು ಕರೆದುಕೊಂಡು ಹೋಗುವುದನ್ನು ನಿಮಗೇ ಕೊಡುತ್ತೇನೆ ಎಂದಿದ್ದಾರೆ. ಗಾಡಿ ಓಡಿದರೆ ನೀವು ಮನುಷ್ಯರಾಗಿರುತ್ತೀರಿ. ಅದು ಕೆಟ್ಟು ಶೆಡ್ಡಿನಲ್ಲಿ ನಿಂತರೆ ನೀವು ಮತ್ತೆ ಬಸ್‌ಸ್ಟ್ಯಾಂಡ್ ಹಿಂದಿನ ಆ ಅಂಗಡಿ ಮುಂದೆ ನಿಲ್ಲುತ್ತೀರಿ. ನನಗೆ ಇರುವ ಹೆದರಿಕೆ ಅದೊಂದೇ. ಅದಕ್ಕೇ ಅಷ್ಟು ನೋಡಿದೆ.

ನಿಮ್ಮ ಜೀವದ ಗೆಳೆಯ ಲೋಕೇಶ್ ಸುಂಟಿಕೊಪ್ಪದಲ್ಲಿ ಹಳೆ ಗಾಡಿ ಕೊಡಿಸುವ ಬ್ರೋಕರ್ ಆದಮೇಲೆ ಅವನ ಮಾತಿಗೂ ಪಾಲಿಶ್ ಬಂದಿದೆ. ಶುಕ್ರವಾರ ಮಧ್ಯಾಹ್ನ, ಇಡೀ ವಾರದಲ್ಲಿ ಬಿಸಿಲು ಕಂಡ ಅದೊಂದು ಗಳಿಗೆಯಲ್ಲಿ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಏಳು ಸೀಟು, ಹಾಲಿನ ಬಣ್ಣ, ಒಳಗೆ ಮಲ್ಲಿಗೆ ವಾಸನೆಯ ಡಬ್ಬಿ ಬೇರೆ. ಅತ್ತೆ ಮರುಳಾಗಿ ಅಲ್ಲೇ ದಾಸವಾಳ ಕಿತ್ತು ಬಾನೆಟ್ಟಿನ ಮೇಲಿಟ್ಟರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಸುಮ್ಮನೆ ಸುತ್ತು ಬಂದೆ. "ಅತ್ತಿಗೆ, ಗುರುವಾರ ಕಕ್ಕಡ ತಿಂಗಳು ಹುಟ್ತದೆ, ಆಮೇಲೆ ಒಂದು ತಿಂಗಳು ಯಾರೂ ಹೊಸ ವ್ಯವಹಾರ ಮಾಡೋದಿಲ್ಲ. ಅಷ್ಟರೊಳಗೆ ಮುಗಿಸಿಬಿಡುವ" ಎಂದು ಮೂರು ಸಲ ಹೇಳಿದ. ಸ್ವಂತ ಮದುವೆಗೇ ಮುಹೂರ್ತ ನೋಡದೆ ಓಡಿಹೋದವನಿಗೆ ಕಕ್ಕಡದ ಮೇಲೆ ಯಾವಾಗ ಭಕ್ತಿ ಬಂತು? ಅಲ್ಲೇ ನನಗೆ ಮೊದಲ ಅನುಮಾನ. ಎರಡನೆಯದು, ಹೆಡ್‌ಲೈಟಿನ ಗಾಜು. ಹೊರಗಿನಿಂದ ಕನ್ನಡಿಯಂತೆ ಫಳಫಳ, ಆದರೆ ಒಳಮೂಲೆಯಲ್ಲಿ ಉಸಿರು ಊದಿದಂತೆ ತೆಳ್ಳಗೆ ಮಂಜು. ಕೇಳಿದರೆ "ಕೊಡಗಿನ ಮಳೆಗಾಲದಲ್ಲಿ ಯಾವ ಗಾಡಿಗೆ ಇಲ್ಲ ಹೇಳಿ, ಕಲೆಕ್ಟರ್ ಕಾರಿಗೂ ಉಂಟು" ಎಂದು ನಕ್ಕ. ಆ ಮಾತಿಗೇ ನಮ್ಮ ಕಡೆಯವರು ಎಷ್ಟು ಜನ ಮೋಸಹೋಗಿದ್ದಾರೋ. ನಾವೇ ಒದ್ದೆಯಾಗಿ ಬದುಕುವವರು, ಗಾಡಿ ಒದ್ದೆ ಎಂದರೆ ಯಾರಿಗೆ ಆಶ್ಚರ್ಯ?

ನಾನು ಜಗಳ ಮಾಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು, "ಅತ್ತೆಗೆ ಪೂಜೆ ಮಾಡಿ ನೋಡಬೇಕಂತೆ, ಎರಡು ದಿನ ಗಾಡಿ ಇಲ್ಲೇ ಇರಲಿ ಲೋಕೇಶಣ್ಣ" ಎಂದೆ. ಅವನ ಮುಖ ಹುಳಿ ಮಾವಿನಕಾಯಿ ತಿಂದಂತಾಯಿತು. ಶೆಡ್ಡಿನೊಳಗೆ ಹಾಕಿ, ಮಳೆಯಲ್ಲಿ ಬಿಡಬೇಡಿ ಎಂದು ಹೋಗುತ್ತ ಎರಡು ಸಲ ತಿರುಗಿ ಹೇಳಿದ. ಹಾಗೆ ಹೇಳಿದ್ದಕ್ಕೇ ಬಟಾಬಯಲಲ್ಲಿ ಬಿಟ್ಟೆ. ಭಾನುವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಎರಡೂ ಹೆಡ್‌ಲೈಟಿನೊಳಗೆ ದಪ್ಪ ದಪ್ಪ ಹನಿ, ತಳದಲ್ಲಿ ಬೊಗಸೆ ನೀರು. ಬಾಗಿಲು ತೆಗೆದರೆ ಮಲ್ಲಿಗೆಯ ಕೆಳಗಿನಿಂದ ನೆನೆದ ಗೋಣಿಚೀಲದ ವಾಸನೆ.

ಮೆಕ್ಯಾನಿಕ್ ಪುಟ್ಟರಾಜುವನ್ನು ಕರೆಸಿದೆ. ಅವನ ಮೇಲೂ ನನಗೆ ನಂಬಿಕೆ ಇಲ್ಲ, ರಿಪೇರಿ ಸಿಗಲಿ ಎಂದು ಇಲ್ಲದ ರೋಗ ಹೇಳುವವನು ಅವನು. ಆದರೆ ಅವನು ಏನನ್ನೂ ಬಿಚ್ಚದೆ, "ಅಕ್ಕಾ, ಲೈಟು ಹಾಕಿಬಿಟ್ಟು ಹೋಗಿ ಅನ್ನಕ್ಕೆ ಇಡಿ" ಎಂದ. ಹೆಡ್‌ಲೈಟಿಗೆ ಗಾಳಿಯಾಡಲು ಸಣ್ಣ ತೂತು ಇರುತ್ತದಂತೆ. ಬರೀ ಮಂಜಾದರೆ ಬಲ್ಬಿನ ಬಿಸಿಗೆ ಅನ್ನ ಆಗುವಷ್ಟರಲ್ಲಿ ಆರಿಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ನೀರು ಹನಿಗಟ್ಟಿ ತಳದಲ್ಲಿ ನಿಂತರೆ ಅಂಟು ಬಿಟ್ಟಿದೆ, ಇಲ್ಲಾ ಎಲ್ಲೋ ಸೀಳಿದೆ ಎಂದು ಅರ್ಥವಂತೆ. ಒಂದೇ ಕಡೆಯಾದರೆ ಎಲ್ಲೋ ಗುದ್ದಿಸಿಕೊಂಡ ಗಾಡಿ ಎನ್ನಬಹುದಂತೆ. ನಾನು ಅನ್ನ ಬಸಿದು ಬಂದು ನೋಡಿದೆ. ನೀರು ಹಾಗೇ ಇತ್ತು. ಮೇಲಿನ ಮಂಜು ಆರಿದ್ದಕ್ಕೆ ಇನ್ನೊಂದು ಕಂಡಿತು. ಎರಡೂ ದೀಪದೊಳಗೆ, ಎರಡರಲ್ಲೂ ಒಂದೇ ಎತ್ತರಕ್ಕೆ, ಕಾಫಿ ಲೋಟದ ತಳದ ಗಸಿಯಂತೆ ಕಂದು ಮಣ್ಣಿನ ಗೆರೆ. ಪುಟ್ಟರಾಜು ಹೋಗಿ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದ. ಎಲ್ಲರ ಕಣ್ಣಿಗೆ ಕಾಣುವಷ್ಟು ಭಾಗ ಶುಭ್ರ, ಒಳಗೆ ಸುತ್ತಿಕೊಂಡಿದ್ದ ತುದಿಯಲ್ಲಿ ಕೆಸರು. "ಇದು ಹೊಳೆ ನೀರಲ್ಲಿ ಮುಳುಗಿ ಎದ್ದ ಗಾಡಿ ಅಕ್ಕಾ. ಇಂಜಿನು ಇವತ್ತು ಓಡ್ತದೆ, ನಾಳೆದು ಆ ದೇವರಿಗೇ ಗೊತ್ತು" ಎಂದ. ಈ ಗಾಡಿಯಲ್ಲಿ ನೀವು ಹತ್ತು ಜನ ಹೆಂಗಸರನ್ನು ತುಂಬಿಕೊಂಡು, ಬೆಳಗಿನ ಮಂಜಿನಲ್ಲಿ, ಮಂಕು ದೀಪ ಹಾಕಿಕೊಂಡು ಪಾಲಿಬೆಟ್ಟದ ರಸ್ತೆಗೆ ಇಳಿಯುತ್ತಿದ್ದಿರಿ. ಆ ತಿರುವಿನಲ್ಲಿ ಆನೆ ನಿಂತಿದ್ದರೆ ಅದರ ಕಾಲು ತಾಗಿದ ಮೇಲೆಯೇ ನಿಮಗೆ ಗೊತ್ತಾಗುತ್ತಿತ್ತು.

ಸಂಜೆ ಲೋಕೇಶ್ ಬಂದ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, "ಮಳೆ ನೀರು ಅಷ್ಟೇ ಅತ್ತಿಗೆ, ಹೊಳೆ ನೀರಲ್ಲ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊಳೆಯ ಸುದ್ದಿ ಎತ್ತಿದವರು ಯಾರು? ಸೀಟ್‌ಬೆಲ್ಟಿನ ತುದಿ ತೋರಿಸಿದೆ. ಆಗ ತನಗೂ ಗೊತ್ತಿರಲಿಲ್ಲ, ಗಾಡಿ ಮಾರಿದ ಮೈಸೂರು ಕಡೆಯವನು ತನ್ನ ತಲೆಗೂ ಕಟ್ಟಿದ ಎಂದು ರಾಗ ಎಳೆದ. ಅತ್ತೆ ಒಳಗಿನಿಂದ ಬಂದು "ನನ್ನ ಮಗ ಬಾಯಿ ತುಂಬಾ ಲೋಕೇಶ ಅಂತಾನೆ, ನೀನು ಮುಳುಗಿದ ಗಾಡಿ ತಂದ್ಯಾ, ಹಾಳಾದವನೇ" ಎಂದು ಬೈದದ್ದನ್ನು ನೀವು ಕೇಳಬೇಕಿತ್ತು. ನನಗೆ ಮಾತ್ರ ಜಾಸ್ತಿ ಬೈಯಲು ಆಗಲಿಲ್ಲ. ಯಾಕೆ ಎಂದು ಕೆಳಗೆ ಬರೆಯುತ್ತೇನೆ. ಕಕ್ಕಡ ಕಳೆಯುವವರೆಗೆ ಯಾವ ಗಾಡಿಯೂ ಬೇಡ ಎಂದು ಕಳಿಸಿದೆ. ಅತ್ತೆ ಹೂವನ್ನು ಮರೆಯದೆ ತೆಗೆದಿಟ್ಟುಕೊಂಡರು.

ರೈಟರಿಗೂ ಹೇಳಿದ್ದೇನೆ, ಒಂದು ತಿಂಗಳು ಕಾಯುತ್ತಾರಂತೆ. ಅಷ್ಟರಲ್ಲಿ ಬೇರೆ ನೋಡೋಣ. ಇನ್ನು ಮೇಲೆ ಮಳೆ ಹೊಡೆಯುವಾಗಲೇ ನೋಡುತ್ತೇನೆ. ನೀವು ಮೈ ಬೆಚ್ಚಗಿಟ್ಟುಕೊಳ್ಳಿ, ಸ್ವೆಟರು ಮಡಚಿಟ್ಟು ನಡುಗುತ್ತ ಕೂರಬೇಡಿ. ಬಾಳೆಕಾಯಿ ಚಿಪ್ಸು ಕಳಿಸಿದ್ದೇನೆ, ಒಬ್ಬರೇ ತಿನ್ನದೆ ಪಕ್ಕದ ಮಂಚದವರಿಗೂ ಕೊಡಿ. ಕಕ್ಕಡದ ಹದಿನೆಂಟನೇ ದಿನಕ್ಕೆ ಮದ್ದುಸೊಪ್ಪಿನ ಪಾಯಸ ನೀವಿಲ್ಲದೆ ಯಾರಿಗೆ ಮಾಡಲಿ ಎಂದು ಅತ್ತೆ ಈಗಲೇ ಮೂಗು ಒರೆಸಿಕೊಳ್ಳುತ್ತಿದ್ದಾರೆ. ತಲೆ ಮೇಲೆ ಕೈಯಿಟ್ಟು ಹರಸಿದ್ದೇನೆ ಎಂದು ಬರಿ ಎಂದರು, ಬರೆದಿದ್ದೇನೆ. ಕಾವೇರಮ್ಮ ನಿಮ್ಮನ್ನು ಕಾಯಲಿ, ನನಗೂ ಅಷ್ಟು ತಾಳ್ಮೆ ಕೊಡಲಿ.

ನಿಮ್ಮ
ಸುಮಿತಾ

ವಿ.ಸೂ.: ಪೋಸ್ಟಿನ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗಾಡಿ ನೋಡಿದ್ದೇನೆ ಎಂದು ನೀವು ಬರೆದಾಗ, ಲೋಕೇಶ್ ಅಲ್ಲಿಗೆ ನಿಮ್ಮನ್ನು ನೋಡಲು ಬಂದಿದ್ದಾಗ ಅವನ ಫೋನಿನಲ್ಲಿ ಫೋಟೋ ನೋಡಿದ್ದೀರಿ ಎಂದುಕೊಂಡಿದ್ದೆ. ನಿನ್ನೆ ಸಿಕ್ಕಿಬಿದ್ದ ಮೇಲೆ ಲೋಕೇಶ್ ಬಾಯಿ ತಪ್ಪಿ, "ಆ ಭಾನುವಾರ ಗಾಡೀಲಿ ಕೂತಾಗ ಪುನೀತಣ್ಣನೂ ಏನೂ ಹೇಳ್ಲಿಲ್ಲವಲ್ಲ" ಎಂದು ನಿಮ್ಮ ಹೆಸರು ಎತ್ತಿದ. ಕೂತು ಏನು ಮಾಡಿದಿರಿ ಎಂದು ಕೇಳಿದರೆ ಹೆಲ್ಮೆಟ್ಟು ಹುಡುಕತೊಡಗಿದ. ನಿಮ್ಮ ಕೇಂದ್ರವೆಂದರೆ ನನ್ನ ಉಪ್ಪಿನಕಾಯಿ ಬಾಟಲಿಯನ್ನೂ ಮೂಸಿ ಒಳಗೆ ಬಿಡುವ ಜಾಗ. ನಿಮ್ಮನ್ನು ಗೇಟಿನಿಂದ ಹೊರಗೆ ಕಾರಿನವರೆಗೆ ಬಿಟ್ಟವರು ಯಾರು? ಹನ್ನೆರಡು ವರ್ಷ ಸ್ಟೇರಿಂಗ್ ಹಿಡಿದವರು ನೀವು. ಬೇರೆಯವರ ಗಾಡಿ ಹತ್ತುವ ಮೊದಲು ಬಗ್ಗಿ ದೀಪ ನೋಡುವವರು, ಸೀಟು ಮೂಸುವವರು. ಆ ವಾಸನೆ ನಿಮಗೆ ಯಾಕೆ ಗೊತ್ತಾಗಲಿಲ್ಲ? ಅವನು ಅಲ್ಲಿ ಕುಡಿಸಿದನೇ? ಇದೊಂದಕ್ಕೆ ಮಾತ್ರ ಉತ್ತರ ಬರೆಯಿರಿ, ಬೇರೆ ಏನೂ ಬೇಡ. ಹೌದು ಎಂದು ಬರೆದರೆ ಬರುವ ಭಾನುವಾರ ನಿಮ್ಮನ್ನು ನೋಡಲು ಬರುತ್ತೇನೆ, ಮತ್ತೆ ಮೊದಲಿನಿಂದ ಶುರುಮಾಡೋಣ. ಇಲ್ಲ ಎಂದು ಬರೆದರೂ ಬರುತ್ತೇನೆ, ಆದರೆ ಗೇಟಿನ ಕಾವಲುಗಾರನನ್ನು ಕೇಳಲು ಬರುತ್ತೇನೆ. ನಿಮ್ಮನ್ನು ನೋಡಲು ಬರುವ ಹಾಗೆ ಬರೆಯಿರಿ.