ಇಂಜೆಕ್ಷನ್ನಿಗೂ ತಿಂಡಿಗೂ ನಡುವೆ

ವಿದ್ಯಾನಗರ, ದಾವಣಗೆರೆ
9 ಫೆಬ್ರವರಿ 2025

ಪ್ರೀತಿಯ ತಂಗಿ ಕೊಟ್ರಮ್ಮನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನ್ ಮಾಡಿದರೆ ನೀನು ಅದನ್ನು ಸ್ಪೀಕರಿಗೆ ಹಾಕಿ ಹರಿಹರದ ಅರ್ಧ ಓಣಿಗೆ ಕೇಳಿಸುತ್ತೀಯ. ಇದನ್ನು ನೀನೊಬ್ಬಳೇ ಓದಬೇಕು.

ನಿನಗೂ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾಗಿದೆಯೆಂದು ನಿನ್ನೆ ನಿನ್ನ ಮಗಳು ನಯನಾ ಹೇಳಿದಳು. ಬೆಳಿಗ್ಗೆ ಚುಚ್ಚಿಸಿಕೊಂಡು ಸೀದಾ ಲಿಂಗಪೂಜೆಗೆ ಕೂರುತ್ತೀಯಂತೆ. ಅವ್ವಗೆ ಪೂಜೇಲಿ ಮೈಯೆಲ್ಲ ಬೆವರ್ತೈತೆ ದೊಡ್ಡವ್ವ, ಅಷ್ಟು ಭಕ್ತಿ ಅಂತ ಹುಡುಗಿ ಹೆಮ್ಮೆಪಟ್ಟಳು. ಅದು ಭಕ್ತಿಯಲ್ಲ ಕಣೇ. ನಿಮ್ಮ ಭಾವನನ್ನು ತಿಂದದ್ದು ಅದೇ ಬೆವರು.

ನಿಮ್ಮ ಭಾವ ಎಷ್ಟು ಶಿಸ್ತಿನವರೆಂದು ನಿನಗೆ ಗೊತ್ತಲ್ಲ. ವಾಕಿಂಗ್ ತಪ್ಪಿಸಲಿಲ್ಲ, ಚಹಾಕ್ಕೆ ಸಕ್ಕರೆ ಬಿಟ್ಟರು, ಹಬ್ಬದ ಹೋಳಿಗೆ ಮುರಿದು ಮೂಸಿ ನೋಡಿ ಇಟ್ಟರು. ತಿಂಡಿಗೆ ಸ್ವಲ್ಪ ಮೊದಲು ಚುಚ್ಚಿಕೊಳ್ರಿ ಅಜ್ಜಾರೆ ಎಂದು ನರ್ಸಮ್ಮ ಹೇಳಿದ್ದಳು. ಆಕೆಯ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಮನೆಯಲ್ಲಿ ಇಂಜೆಕ್ಷನ್ನಿಗೂ ತಿಂಡಿಗೂ ನಡುವೆ ಲಿಂಗಪೂಜೆ ಇದೆ, ಅದು ಮುಗಿಯದೆ ನೀರೂ ಕುಡಿಯುವುದಿಲ್ಲ ಎಂದು ಆಕೆಗೆ ಯಾರೂ ಹೇಳಲಿಲ್ಲ. ಆಕೆಯೂ ಕೇಳಲಿಲ್ಲ. ಇವರಿಗೋ ವಯಸ್ಸಾದಂತೆ ಪೂಜೆ ಉದ್ದವಾಗುತ್ತಾ ಹೋಯಿತು.

ಆವತ್ತೂ ಚುಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಸೊಸೆ ಭವ್ಯಾ ಬಾಗಿಲಲ್ಲಿ ನಿಂತು, ಅತ್ತೆ, ಮಾವ ಯಾಕೋ ಸರಿ ಕಾಣ್ತಿಲ್ಲ, ಒಂದ್ಸಲ ಎಬ್ಬಿಸ್ಲಾ ಎಂದಳು. ನಾನು ಗದರಿಸಿದೆ. ಪೂಜೇಲಿ ಕೂತೋರ್ನ ಮುಟ್ಟಬ್ಯಾಡ, ಧ್ಯಾನದಾಗೆ ಅದಾರೆ, ಸುಮ್ನೆ ಹೋಗು ಎಂದೆ. ಟಿವಿ ಬೇರೆ ಆರಿಸಿದೆ, ಅವರಿಗೆ ತೊಂದರೆಯಾಗಬಾರದು ಎಂದು. ಕೊನೆಗೆ ಗೋಡೆಗೆ ಒರಗಿದರು, ಲಿಂಗ ಕೈಯಿಂದ ಜಾರಿ ಮಣೆಯ ಮೇಲೆ ಬಿತ್ತು. ಆಗ ಕಿರುಚಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಸಿಟ್ಟಿನಿಂದ, ಒಂದು ಬಾಳೆಹಣ್ಣು ಕೊಟ್ಟಿದ್ರೆ ಸಾಕಾಗಿತ್ತಲ್ರಿ, ರಕ್ತದಾಗಿನ ಸಕ್ಕರೆ ಪೂರ್ತಿ ಇಳಿದು ಹೋಗೈತೆ ಎಂದರು. ಇವರು ಮತ್ತೆ ಕಣ್ಣು ತೆರೆಯಲಿಲ್ಲ. ಮೂರನೆಯ ದಿನ ಹೋದರು.

ಮಣ್ಣಿಗೆ ಬಂದಾಗ ನೀನೂ ಅಂದೆ, ಪುಣ್ಯವಂತರು, ಪೂಜೇಲೇ ಲಿಂಗೈಕ್ಯ ಆದ್ರು ಅಂತ. ಎಲ್ಲರೂ ಅದನ್ನೇ ಅಂದರು. ಅವರ ಊರು ಕುಕ್ಕುವಾಡದಿಂದ ಬಂದವರು ನನ್ನ ಕಾಲು ಮುಟ್ಟಿ ಹೋದರು. ನಾನು ತುಟಿ ಬಿಚ್ಚಲಿಲ್ಲ. ಭವ್ಯಾಳೂ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ತನ್ನ ಗಂಡನ, ನನ್ನ ಮಗನ ಮುಂದೂ. ಅವಳ ಮುಖ ನೋಡಲು ನನಗೆ ಆಗುವುದಿಲ್ಲ. ಒಬ್ಬಳೇ ಇದ್ದಾಗ ತಲೆ ಚಚ್ಚಿಕೊಳ್ಳುವಷ್ಟು ಸಂಕಟವಾಗುತ್ತದೆ.

ಆಮೇಲೆ ನಮ್ಮ ಮಠದ ಅಯ್ಯನವರನ್ನು ಕೇಳಿದೆ. ಔಷಧಿ ಅಂತ ಒಂದು ತುತ್ತು ತಿಂದ್ರೆ ನೇಮ ಹೆಂಗೆ ಕೆಡ್ತೈತವ್ವಾ, ತಿಂದೇ ಕೂಡ್ರಿ ಎಂದರು. ಈ ಮಾತು ಮೊದಲೇ ಕೇಳಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು!

ನೀನು ಮೊಂಡಿ. ಅದಕ್ಕೇ ಬೇಡಿಕೊಳ್ಳುತ್ತಿದ್ದೇನೆ. ನಾಳೆಯಿಂದ ಮೊದಲು ಪೂಜೆ ಮಾಡು, ಮುಗಿದ ಮೇಲೆ ಚುಚ್ಚಿಸಿಕೋ, ತಿಂಡಿ ತಿನ್ನು. ಅದಾಗದಿದ್ದರೆ ತಿಂದೇ ಪೂಜೆಗೆ ಕೂರು. ಕೈ ನಡುಗಿದರೆ, ಬೆವರಿದರೆ, ಲಿಂಗವನ್ನು ಮಣೆಯ ಮೇಲಿಟ್ಟು ಸಕ್ಕರೆ ಬಾಯಿಗೆ ಹಾಕಿಕೋ. ಶಿವ ಏನೂ ಅಂದುಕೊಳ್ಳುವುದಿಲ್ಲ. ನಯನಾಗೂ ಇದಿಷ್ಟು ಮಾತ್ರ ಹೇಳಿಡು. ನಮ್ಮಪ್ಪನ ಮಕ್ಕಳಲ್ಲಿ ಉಳಿದವರು ನಾವಿಬ್ಬರೇ.

ಇಂತಿ ನಿನ್ನ ಅಕ್ಕ,
ಸರ್ವಮಂಗಳ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ನನಗೂ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ಚುಚ್ಚಿ, ಭವ್ಯಾ ತಟ್ಟೆಯಲ್ಲಿ ಎರಡು ಇಡ್ಲಿ ಇಟ್ಟು ಕೊಡುತ್ತಾಳೆ. ಅದನ್ನು ಸೆರಗಿನಲ್ಲಿ ಮುಚ್ಚಿ ಒಯ್ದು ಗೇಟಿಗೆ ಬರುವ ಆಕಳಿಗೆ ಹಾಕಿ, ಹಸಿದ ಹೊಟ್ಟೆಯಲ್ಲೇ ಪೂಜೆಗೆ ಕೂರುತ್ತೇನೆ. ಅವರು ಹಸಿದು ಹೋದರು, ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇವತ್ತೂ ಮೈ ಬೆವರಿತು. ಕೊಟ್ರೀ, ನೀನು ಬಂದುಬಿಡು. ನನ್ನ ಎದುರು ಕೂತು ಮೊದಲು ನೀನು ತಿನ್ನು. ನೀನು ತಿಂದರೆ ನಾನೂ ತಿನ್ನುತ್ತೇನೆ.