ಕಾವಲಿ ಸುಟ್ಟ ಕಲೆ

ಘಾಟ್ಕೋಪರ್, ಬುಧವಾರ

ಮಾವನವರಿಗೆ ನಮಸ್ಕಾರ.

ಮರಕ್ಕೆ ಕಟ್ಟಿರುವ ಅಸ್ಥಿಯ ಮಡಕೆಯನ್ನು ಅಮಾವಾಸ್ಯೆಗೆ ಸಮುದ್ರಕ್ಕೆ ಬಿಡಬೇಡಿ. ಡಿಎನ್‌ಎ ವರದಿ ಬಂತು. ಭಾಂಡುಪ್‌ನ ಹೋಟೆಲ್ ಕುಸಿದಾಗ ಸಿಕ್ಕ, ನಾವು ದಹನ ಮಾಡಿದ ಕೈ ಹಿತೇಶರದಲ್ಲ. ಅವರ ಜೊತೆ ದೋಸೆ ಹೊಯ್ಯುತ್ತಿದ್ದ ಶರಣುವಿನದು.

ಮಣಿಕಟ್ಟಿನಲ್ಲಿ ಕಾವಲಿ ಸುಟ್ಟ ಕಲೆ ನೋಡಿ, ಹಿತೇಶರದೇ ಎಂದು ನಾನೇ ಸಹಿ ಹಾಕಿದ್ದು. ದೋಸೆ ಹೊಯ್ಯುವವರಿಗೆಲ್ಲ ಆ ಕಲೆ ಇರುತ್ತದೆ ಎಂದು ಆಗ ಹೊಳೆಯಲಿಲ್ಲ. ಕಾಲೇಜಿನಲ್ಲಿ ನಾನು ಕಲಿಸುವುದೇ ಇದನ್ನು: ಕಲ್ಲಿನೊಳಗೆ ಪಳೆಯುಳಿಕೆಯಾದ ಶಿಲೀಂಧ್ರದ ಒಂದು ಬೀಜಕ ಮಾತ್ರ ಸಿಕ್ಕರೆ, ಹೋಲುತ್ತದೆ ಎಂದು ಈಗ ಬದುಕಿರುವ ಕುಲದ ಹೆಸರನ್ನು ಅದಕ್ಕೆ ಅಂಟಿಸಬಾರದು. ಕೋಶಗಳನ್ನು ಎಣಿಸಿ, ಆ ತುಣುಕಿಗಷ್ಟೇ ಬೇರೆ ಹೆಸರಿಡಬೇಕು. ತಪ್ಪಿದ ಮಕ್ಕಳ ಅಂಕ ಕಳೆಯುತ್ತೇನೆ.

ಶರಣುವಿನ ಹೆಂಡತಿ ಭಾಗವ್ವ ದಿನವೂ ಶವಾಗಾರದ ಬಾಗಿಲಲ್ಲಿ ಕೂತಿರುತ್ತಾಳೆ. ನಿನ್ನೆ ಅವಳಿಗೆ ಎಲ್ಲ ಹೇಳಿದೆ. ಬೈಯಲಿಲ್ಲ.

"ನಮ್ಮಾಗ ಸುಡೂದಿಲ್ರಿ ಅಕ್ಕಾರ, ಮಣ್ಣು ಮಾಡ್ತೀವಿ. ಬೂದಿನಾರ ಕೊಡ್ರಿ, ಮಣ್ಣು ಮಾಡ್ತೀನಿ" ಅಂದಳು.

ದಯವಿಟ್ಟು ಶನಿವಾರದ ರೈಲಿಗೆ ಮಡಕೆಯನ್ನು ನೀವೇ ತನ್ನಿ. ಮಗ ಬದುಕಿರಬಹುದೇ ಎಂದು ಅತ್ತೆ ಕೇಳಿದರೆ, ಇಲ್ಲವೆನ್ನಿ.

ಶವಾಗಾರದಲ್ಲಿ ಒಂದು ಪಾದವಿದೆ. ಗುರುತಿಸಲು ಕರೆದಿದ್ದರು. ಆ ಪಾದ ನನಗೆ ಗೊತ್ತು. ವರದಿ ಬರುವ ತನಕ ಚೀಟಿಯಲ್ಲಿ ನಂಬರ್ ಮಾತ್ರ ಇರಲಿ ಎಂದು ಹೇಳಿ ಬಂದೆ.

ನಿಮ್ಮ ಸೊಸೆ,
ಹರಿಣಿ