ನೂರು ವ್ಯಾಟಿನ ಪೆಟ್ಟಿಗೆ

ಯಲ್ದೂರು
11-3-1979

ಕದಿರೇಶಣ್ಣನಿಗೆ ತಂಗಿ ಭಾರತಿಯ ನಮಸ್ಕಾರ.

ಚಿಕ್ಕಮ್ಮನ ಮನೆಯಲ್ಲಿದ್ದೇನೆ, ಹುಡುಕಿಕೊಂಡು ಬರಬೇಡ. ಬರುವ ಭಾನುವಾರ ಹುತ್ತೂರಿನ ಮದುವೆಗೆ ನಮ್ಮ ಆರ್ಕೆಸ್ಟ್ರಾ ಇದೆ ಅಂತ ಗೊತ್ತಿದ್ದೂ ಹೇಳದೆ ಬಂದೆ. ನಾನಿಲ್ಲದೆ ನಡೆಸುವ ವ್ಯವಸ್ಥೆಯನ್ನು ನೀನು ಆಗಲೇ ಮಾಡಿಕೊಂಡಿದ್ದೀಯಲ್ಲ.

ಅಪ್ಪ ತೀರಿಕೊಂಡ ಮೇಲೆ ನನಗೆ ಹಾಡುವ ಧೈರ್ಯ ಕೊಟ್ಟವನು ನೀನು. ಕೋಲಾರದ ಮನೆಯ ಜಗಲಿಯಲ್ಲಿ ಗಿಟಾರ್ ಹಿಡಿದು ಕೂತು, ನನ್ನ ದನಿ ತಗ್ಗಿದ ಕಡೆ ನೀನೂ ತಗ್ಗಿಸಿ ಬಾರಿಸುತ್ತಿದ್ದೆ. ಆಂಪ್ಲಿಫೈಯರ್ ಮಾಡಿಸಲು ರೇಡಿಯೋ ರಿಪೇರಿ ಶ್ರೀರಾಮಪ್ಪನವರ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದು ಅದು ನನ್ನ ದನಿಗೆ ಹೊಂದಲಿ ಅಂತಲೇ ಅಂದುಕೊಂಡಿದ್ದೆ.

ನಿನಗೆ ಬೇಕಾಗಿದ್ದು ರೆಕಾರ್ಡಿನಲ್ಲಿ ಕೇಳಿದಂಥ, ಒಡೆದು ಗರ್ಜಿಸುವ ನಾದ. ಅದಕ್ಕೆ ಹಳೇ ರೇಡಿಯೋದಲ್ಲಿರುವಂಥ, ಉರಿಯುವ ಗಾಜಿನ ವಾಲ್ವಿನ ಸೆಟ್ಟೇ ಆಗಬೇಕು, ಟ್ರಾನ್ಸಿಸ್ಟರಿನಲ್ಲಿ ಆ ಸೊಗಸು ಬರುವುದಿಲ್ಲ ಅಂತ ಶ್ರೀರಾಮಪ್ಪನವರೂ ಒಪ್ಪಿದರು. ಎಷ್ಟು ವ್ಯಾಟು ಅನ್ನುವಲ್ಲಿ ಮಾತ್ರ ತಡೆದರು. ಮೂವತ್ತಾದರೆ ಸದ್ದು ಮಿತಿಯಲ್ಲಿರುವಾಗಲೇ ಆ ನಾದ ಸಿಗುತ್ತದೆ, ಹಾಡುವವರಿಗೂ ಜಾಗ ಉಳಿಯುತ್ತದೆ. ನೂರಾದರೆ ಅದು ಬರುವ ಹೊತ್ತಿಗೆ ಛತ್ರವೇ ನಡುಗುತ್ತದೆ, ಸೌಂಡ್ ಸರ್ವೀಸಿನವರ ಮೈಕು ಅದರ ಮುಂದೆ ನಿಲ್ಲುವುದಿಲ್ಲ ಅಂದರು. ನೀನು ನನ್ನ ಮುಖ ನೋಡಿ, "ಮೂವತ್ತೇ ಸಾಕು ಕಣೇ, ನಿನ್ನ ದನಿ ಮುಚ್ಚಿಹೋಗೋ ಹಾಗಿದ್ರೆ ನನಗ್ಯಾಕೆ ಅದು" ಅಂದೆ. ಅಮ್ಮನಿಗೆ ಈ ಮಾತು ಹೇಳಿ ಹೆಮ್ಮೆಪಟ್ಟಿದ್ದೆ.

ಮಾಲೂರಿನ ಮದುವೆಯಲ್ಲಿ ಮೊದಲ ಸಲ ಆ ಹೊಸ ಆಂಪ್ಲಿಫೈಯರ್ ಹಾಕಿದಾಗ ನನ್ನ ದನಿ ನನಗೇ ಕೇಳಲಿಲ್ಲ. ಕೈಸನ್ನೆ ಮಾಡಿದೆ, ನೀನು ತಲೆ ಎತ್ತಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ. ಮುಂದೆ ಕೂತಿದ್ದ ಹೆಂಗಸರು ನನ್ನ ಬಾಯಿ ಆಡುವುದನ್ನು ನೋಡಿ ನಗುತ್ತಿದ್ದರು. ಹಾಡು ಮುಗಿಸಿ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದರೆ, ಮೂವತ್ತು ವ್ಯಾಟಿಗೆ ಎರಡು ಇರಬೇಕಾದ ಕಡೆ ನಾಲ್ಕು ದೊಡ್ಡ ವಾಲ್ವು ಉರಿಯುತ್ತಿದ್ದವು. ಕೇಳಿದ್ದಕ್ಕೆ ನೀನು, ಶ್ರೀರಾಮಪ್ಪನವರು ತಪ್ಪಾಗಿ ಕಟ್ಟಿಕೊಟ್ಟಿದ್ದಾರೆ ಅಂದೆ.

ಮರುದಿನ ಅವರನ್ನೇ ಹೋಗಿ ಕೇಳಿದೆ. "ನಿಮ್ಮಣ್ಣನೇ ವಾಪಸ್ ಬಂದು ನೂರು ಮಾಡಿ ಅಂದ್ರಮ್ಮ. ತಂಗಿ ಮದುವೆ ಆಗಿ ಹೋಗ್ತಾಳೆ, ಇನ್ಮೇಲೆ ಗಿಟಾರ್ ಒಂದೇ ಅಂದ್ರು" ಅಂದರು. ಯಾವ ಮದುವೆ ಅಂತ ಅವರನ್ನು ಕೇಳಲು ನಾಚಿಕೆಯಾಯಿತು.

ಅಮ್ಮನನ್ನು ಕೇಳಿದಾಗ ಬೈರಕೂರಿನ ಸಂಬಂಧದ ವಿಷಯ ಹೊರಬಿತ್ತು. ಒಳ್ಳೆಯ ಜನವಂತೆ, ಹುಡುಗಿ ಸ್ಟೇಜ್ ಹತ್ತಬಾರದು ಅನ್ನುವುದೊಂದೇ ಅವರ ಷರತ್ತಂತೆ, ನೀನು ಒಪ್ಪಿ ಬಂದಿದ್ದೀಯಂತೆ. ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ ಅಣ್ಣ? ಇನ್ನು ನಿನ್ನ ಹಾಡು ಬೇಡ ಅಂತ ಎದುರಿಗೇ ಹೇಳಿದ್ದರೆ ಅತ್ತು, ಜಗಳವಾಡಿ, ಕೊನೆಗೆ ನಿನಗೇ ಬಿಟ್ಟುಕೊಡುತ್ತಿದ್ದೆನೇನೋ. ನೀನು ಅಷ್ಟು ಜನರ ಮುಂದೆ ಮೈಕು ಕೊಟ್ಟು ನಿಲ್ಲಿಸಿ ನನ್ನನ್ನು ಮೂಕಿ ಮಾಡಿದೆ.

ಅಮ್ಮನ ಕಣ್ಣಿನ ಔಷಧಿ ಗೋಡೆಯ ಗೂಡಿನಲ್ಲಿದೆ, ಮರೆಯದೆ ಹಾಕು. ನಾನು ಊಟ ಮಾಡುತ್ತಿದ್ದೇನೆ ಅಂತ ಅವಳಿಗೆ ಹೇಳು.

ಇಂತಿ,
ನಿನ್ನ ತಂಗಿ
ಭಾರತಿ

ವಿ.ಸೂ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಚಿಕ್ಕಮ್ಮನ ಜೊತೆ ಬೈರಕೂರಿಗೆ ಹೋಗಿ ಹುಡುಗನ ತಾಯಿ ಮುನಿಯಲ್ಲಮ್ಮನವರನ್ನು ಕಂಡೆ. ಷರತ್ತಿನ ಮಾತೆತ್ತಿದರೆ ಅವರು ಬೆರಗಾದರು. ಮುಳಬಾಗಿಲಿನ ಒಂದು ಮದುವೆಯಲ್ಲಿ ನನ್ನ ಹಾಡು ಕೇಳಿಯೇ ಅವರು ಹೆಣ್ಣು ಕೇಳಿದ್ದಂತೆ. "ಬೇಡ ಅಂತ ನಾವ್ಯಾಕೆ ಅಂತೀವಮ್ಮ? ಇನ್ಮೇಲೆ ನೀನು ಹಾಡಲ್ಲ ಅಂತ ನಿಮ್ಮಣ್ಣನೇ ಹೇಳಿದ್ದು" ಅಂದರು. ಹುಡುಗನ ಜೊತೆಯೂ ಮಾತಾಡಿ ಮದುವೆಗೆ ಒಪ್ಪಿ ಬಂದಿದ್ದೇನೆ. ಧಾರೆಯಲ್ಲಿ ಅಪ್ಪನ ಜಾಗದಲ್ಲಿ ನಿಲ್ಲಲು ಚಿಕ್ಕಪ್ಪನನ್ನು ಕೇಳಿಕೊಂಡಿದ್ದೇನೆ. ನೀನು ನಂಟರ ಜೊತೆ ಬಂದು ಊಟ ಮಾಡಿಕೊಂಡು ಹೋಗು.